ಗೋಡೆಯಲ್ಲಿ ಓದಬಹುದಾದ ತತ್ತ್ವ: ಲಾರಿ ಬೇಕರ್ ಕಟ್ಟಡಗಳು ಮತ್ತು ನಮ್ಮ ಕರಾವಳಿಯ ಮನೆ

ಉಡುಪಿ, ಮಂಗಳೂರಿನ ಕಡೆ ಮನೆ ಕಟ್ಟಿಸಲು ಹೊರಟವರ ಬಾಯಲ್ಲಿ ಈಚೆಗೆ ‘ಬೇಕರ್ ಮನೆ’ ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಅದಕ್ಕೆ ಕಾರಣಗಳಿವೆ. ಕೆಂಪುಕಲ್ಲು ಮತ್ತು ಮರಳು ಬೇಕೆಂದಾಗ ಸಿಗುತ್ತಿಲ್ಲ, ಸಿಕ್ಕರೆ ದರ ಕೈಗೆಟುಕುತ್ತಿಲ್ಲ. ಮಾರ್ಚ್ ತಿಂಗಳು ಬಂತೆಂದರೆ ತಾರಸಿ ಮನೆಯ ಮೇಲಿನ ಅಂತಸ್ತಿನಲ್ಲಿ ಮಧ್ಯಾಹ್ನ ಕೂರಲಾಗುವುದಿಲ್ಲ. ಲಕ್ಷಗಟ್ಟಲೆ ಖರ್ಚು ಮಾಡಿ ಹಾಕಿಸಿದ ತಾರಸಿಯ ಮೇಲೆ, ಮಳೆ ಮತ್ತು ಬಿಸಿಲು ಎರಡಕ್ಕೂ ಹೆದರಿ, ಮತ್ತೊಂದಿಷ್ಟು ಖರ್ಚಿನಲ್ಲಿ ಶೀಟಿನ ಮಾಡು ಹಾಕಿಸುವುದು ನಮ್ಮಲ್ಲಿ ಈಗ ಸಾಮಾನ್ಯವಾಗಿದೆ. ಈ ಹೊತ್ತಿನಲ್ಲಿ ಕಡಿಮೆ ಖರ್ಚಿನ, ತಂಪಾದ, ಸಾರಣೆಯಿಲ್ಲದ (ಪ್ಲಾಸ್ಟರ್ ಮಾಡದ) ಇಟ್ಟಿಗೆಯ ಮನೆಯ ಚಿತ್ರ ನೋಡಿದವರು ತಮಗೂ ಅಂಥದ್ದೇ ಬೇಕೆಂದು ಕೇಳುವುದು ಸಹಜ. ಆದರೆ ಆ ಮನೆಗಳ ಹಿಂದೆ ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿಯ ಜೀವನದೃಷ್ಟಿ ಇದೆ. ಅದನ್ನು ಅರಿಯದೆ ಹೊರರೂಪವನ್ನಷ್ಟೇ ತಂದರೆ ಏನಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಮೊದಲಿಂದ ಹೊರಡಬೇಕು.

ಕಟ್ಟಡಕ್ಕೆ ತತ್ತ್ವ ಎಲ್ಲಿಂದ ಬರುತ್ತದೆ?

ವಾಸ್ತುಶಿಲ್ಪ ಎಂದ ಕೂಡಲೇ ನಮ್ಮಲ್ಲಿ ಬಾಗಿಲು ಯಾವ ದಿಕ್ಕಿಗಿರಬೇಕು, ಅಡುಗೆಕೋಣೆ ಯಾವ ಮೂಲೆಯಲ್ಲಿರಬೇಕು ಎಂಬ ‘ವಾಸ್ತು’ ನೆನಪಾಗುತ್ತದೆ. ಇಲ್ಲಿ ಹೇಳುತ್ತಿರುವುದು ಆ ವಿಷಯವಲ್ಲ. ಕಟ್ಟಡದ ವಿನ್ಯಾಸ ಮಾಡುವ ಆರ್ಕಿಟೆಕ್ಟ್ ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಲೇಬೇಕಾಗುತ್ತದೆ. ಯಾವ ಸಾಮಗ್ರಿ ಬಳಸುವುದು, ಅದನ್ನು ಎಷ್ಟು ದೂರದಿಂದ ತರುವುದು, ಯಾರ ಕೈಯಲ್ಲಿ ಕಟ್ಟಿಸುವುದು, ಯಾವುದನ್ನು ಮುಚ್ಚುವುದು, ಯಾವುದನ್ನು ಕಾಣುವಂತೆ ಬಿಡುವುದು, ಅಡ್ಡ ಬಂದ ಮರವನ್ನು ಕಡಿಯುವುದೋ ಗೋಡೆಯನ್ನೇ ಬಗ್ಗಿಸುವುದೋ? ಒಬ್ಬ ಆರ್ಕಿಟೆಕ್ಟ್ ಈ ಪ್ರಶ್ನೆಗಳಿಗೆ ವರ್ಷಾನುಗಟ್ಟಲೆ ಒಂದೇ ಮನಸ್ಸಿನಿಂದ ಉತ್ತರ ಕೊಡುತ್ತ ಬಂದರೆ, ಆ ಉತ್ತರಗಳ ಮೊತ್ತವನ್ನು ಅವರ ತತ್ತ್ವ ಎನ್ನಬಹುದು.

ಉಡುಪಿಯವರಿಗೆ ಇದನ್ನು ಅಡುಗೆಯ ಮೂಲಕ ಹೇಳುವುದು ಸುಲಭ. ಚಾತುರ್ಮಾಸ್ಯದಲ್ಲಿ ಮಠಗಳ ಅಡುಗೆಮನೆ ಮೊದಲ ತಿಂಗಳು ತರಕಾರಿ ಬಿಡುವ ಶಾಕವ್ರತದ ನಿಯಮಕ್ಕೆ ಒಳಪಡುತ್ತದೆ, ಮುಂದೆ ಕ್ರಮವಾಗಿ ಮೊಸರು, ಹಾಲು, ದ್ವಿದಳ ಧಾನ್ಯಗಳು ಬಿಟ್ಟುಹೋಗುತ್ತವೆ. ಎಲೆಯ ಮುಂದೆ ಕುಳಿತವರಿಗೆ ಆ ನಿಯಮವನ್ನು ಯಾರೂ ಓದಿ ಹೇಳುವುದಿಲ್ಲ. ಬಡಿಸಿದ ಪದಾರ್ಥದಲ್ಲಿ, ಅದಕ್ಕಿಂತ ಹೆಚ್ಚಾಗಿ ಬಡಿಸದೆ ಬಿಟ್ಟ ಪದಾರ್ಥದಲ್ಲಿ, ಅದು ತಾನಾಗಿ ಗೊತ್ತಾಗುತ್ತದೆ. ಅಡುಗೆಯವರ ಜಾಣ್ಮೆ ಕಾಣುವುದೂ ಆ ಕಟ್ಟಳೆಯೊಳಗೇ. ಕಟ್ಟಡದ ತತ್ತ್ವವೂ ಹೀಗೆಯೇ ಕೆಲಸ ಮಾಡುತ್ತದೆ.

ಬೇರೆ ಬೇರೆ ತತ್ತ್ವಗಳು ಬೇರೆ ಬೇರೆ ಕಟ್ಟಡಗಳಿಗೆ ದಾರಿಯಾಗುತ್ತವೆ. ಚಂಡೀಗಢವನ್ನು ರೂಪಿಸಿದ ಲ ಕಾರ್ಬೂಸಿಯೇ ಅವರಿಗೆ ಮನೆಯೆಂದರೆ ಬದುಕಲು ಇರುವ ಯಂತ್ರ. ಅವರ ಭಾರೀ ಕಾಂಕ್ರೀಟು ಕಟ್ಟಡಗಳು ಹೊಸ ಕಾಲ, ಹೊಸ ದೇಶ ಎಂಬ ಮಾತನ್ನು ಗಟ್ಟಿಯಾಗಿ ಹೇಳುತ್ತವೆ. ಅದೇ ದೇಶದಲ್ಲಿ, ಹೆಚ್ಚು ಕಡಿಮೆ ಅದೇ ಕಾಲದಲ್ಲಿ, ಬೇಕರ್ ಹಿಡಿದ ದಾರಿ ಅದಕ್ಕೆ ಪೂರ್ತಿ ಬೇರೆಯಾಗಿತ್ತು.

ಬೇಕರ್ ಮತ್ತು ಐದು ಮೈಲಿಯ ಮಾತು

ಲಾರಿ ಬೇಕರ್ ಹುಟ್ಟಿದ್ದು 1917ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ವಾಸ್ತುಶಿಲ್ಪ ಕಲಿತದ್ದೂ ಅಲ್ಲಿಯೇ. ಅವರು ಕ್ವೇಕರ್ ಪಂಥಕ್ಕೆ ಸೇರಿದವರು. ಕ್ವೇಕರರು ಕ್ರೈಸ್ತರಲ್ಲಿ ಒಂದು ಸಣ್ಣ ಪಂಥ. ಸರಳತೆ, ಸತ್ಯ, ಅಹಿಂಸೆ ಇವು ಅವರ ಬದುಕಿನ ಕಟ್ಟುಪಾಡುಗಳು. ಅವರ ಪ್ರಾರ್ಥನೆ ಬಹುಮಟ್ಟಿಗೆ ಮೌನದಲ್ಲಿ ನಡೆಯುತ್ತದೆ, ಪ್ರಾರ್ಥನೆಯ ಜಾಗದಲ್ಲಿ ಅಲಂಕಾರವಿರುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಬೇಕರ್ ಬಂದೂಕು ಹಿಡಿಯದೆ ಕ್ವೇಕರರ ವೈದ್ಯಕೀಯ ತಂಡ ಸೇರಿ ಚೀನಾಕ್ಕೆ ಹೋದರು, ಕುಷ್ಠರೋಗಿಗಳ ಸೇವೆ ಮಾಡಿದರು. ಊರಿಗೆ ಮರಳುವಾಗ ಹಡಗಿಗಾಗಿ ಮುಂಬಯಿಯಲ್ಲಿ ಕಾಯಬೇಕಾಯಿತು. ಆಗ ಗಾಂಧೀಜಿಯವರ ಭೇಟಿಯಾಯಿತು. 1945ರಲ್ಲಿ ಅವರು ಭಾರತಕ್ಕೆ ಮರಳಿ ಬಂದು ಇಲ್ಲಿಯೇ ನೆಲೆಸಿದರು, ಕೇರಳ ಮೂಲದ ವೈದ್ಯೆ ಎಲಿಜಬೆತ್ ಅವರನ್ನು ಮದುವೆಯಾದರು, ಮುಂದೆ ಭಾರತದ ಪೌರತ್ವ ಪಡೆದರು. 1990ರಲ್ಲಿ ಪದ್ಮಶ್ರೀ ಬಂತು. 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು.

ಗಾಂಧೀಜಿಯವರ ಒಂದು ವಿಚಾರ ಬೇಕರ್ ಅವರ ಮನಸ್ಸಿನಲ್ಲಿ ಕೊನೆಯವರೆಗೂ ಉಳಿಯಿತು. ಆದರ್ಶ ಹಳ್ಳಿಯ ಮನೆಯನ್ನು ಐದು ಮೈಲಿ ದೂರದೊಳಗೆ ಸಿಗುವ ಸಾಮಗ್ರಿಯಿಂದಲೇ ಕಟ್ಟಬೇಕು ಎಂಬುದು ಆ ವಿಚಾರ. ಕೇಳಲು ಇದು ಬರೀ ಮಿತವ್ಯಯದ ಮಾತಿನಂತೆ ಕಾಣುತ್ತದೆ. ನಿಜವಾಗಿ ಇದರೊಳಗೆ ಹಲವು ಲೆಕ್ಕಗಳಿವೆ. ಹತ್ತಿರದ ಸಾಮಗ್ರಿಗೆ ಸಾಗಾಟದ ಖರ್ಚಿಲ್ಲ. ಅದನ್ನು ಬಳಸಬಲ್ಲ ಮೇಸ್ತ್ರಿಗಳು ಊರಿನಲ್ಲೇ ಇರುತ್ತಾರೆ, ಆದ್ದರಿಂದ ಕೊಟ್ಟ ಹಣ ಊರಿನಲ್ಲೇ ಉಳಿಯುತ್ತದೆ. ಆ ಊರಿನ ಮಳೆಗೂ ಬಿಸಿಲಿಗೂ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ತಲೆಮಾರುಗಳು ಆಗಲೇ ಪರೀಕ್ಷಿಸಿ ನೋಡಿರುತ್ತವೆ. ಸಿಮೆಂಟು, ಉಕ್ಕು, ಸುಟ್ಟ ಇಟ್ಟಿಗೆ ಇವೆಲ್ಲ ತಯಾರಾಗಲು ಎಷ್ಟು ಉರುವಲು ಬೇಕು ಎಂಬ ಪ್ರಶ್ನೆಯನ್ನು ಬೇಕರ್, ಪರಿಸರದ ಮಾತು ಮನೆಮಾತಾಗುವ ಮೊದಲೇ ಎತ್ತಿದ್ದರು.

ಹಿಮಾಲಯದ ಪಿಥೋರಾಗಢದಲ್ಲಿ ಅವರು ಹದಿನೈದಕ್ಕೂ ಹೆಚ್ಚು ವರ್ಷ ಇದ್ದರು. ಅಲ್ಲಿ ಕಟ್ಟಿದ್ದು ಬೆಟ್ಟದ ಕಲ್ಲು, ಮಣ್ಣು, ಮರದಿಂದ. ಇಂಗ್ಲೆಂಡಿನ ಓದು ಅಲ್ಲಿ ಉಪಯೋಗಕ್ಕೆ ಬರಲಿಲ್ಲವೆಂದೂ ಊರಿನವರು ಕಟ್ಟಿಕೊಂಡ ಮನೆಗಳನ್ನು ನೋಡಿಯೇ ಹೊಸದಾಗಿ ಕಲಿಯಬೇಕಾಯಿತೆಂದೂ ಅವರು ಮುಕ್ತವಾಗಿ ಒಪ್ಪಿಕೊಂಡಿದ್ದರು. 1960ರ ದಶಕದಲ್ಲಿ ಕೇರಳಕ್ಕೆ ಬಂದು, ಕೊನೆಗೆ ತಿರುವನಂತಪುರದಲ್ಲಿ ನೆಲೆಸಿದ ಮೇಲೆ ಅವರ ಕೈಗೆ ಬಂದದ್ದು ಇಟ್ಟಿಗೆ. ಮನುಷ್ಯ ಅದೇ, ಯೋಚನೆ ಅದೇ, ಸಾಮಗ್ರಿ ಮಾತ್ರ ಬೇರೆ. ನನ್ನ ದೃಷ್ಟಿಯಲ್ಲಿ ಬೇಕರ್ ಅವರನ್ನು ಅರಿಯಲು ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿಲ್ಲ.

ಇಲಿಬೋನಿನಂಥ ಗೋಡೆ

ಸಾಮಾನ್ಯವಾಗಿ ಇಟ್ಟಿಗೆಯನ್ನು ಮಲಗಿಸಿ ಗೋಡೆ ಕಟ್ಟುತ್ತಾರೆ. ಬೇಕರ್ ಹೆಚ್ಚಾಗಿ ಬಳಸಿದ ‘ರ್‍ಯಾಟ್ ಟ್ರ್ಯಾಪ್ ಬಾಂಡ್’ ಎಂಬ ಕ್ರಮದಲ್ಲಿ ಇಟ್ಟಿಗೆಯನ್ನು ಅದರ ಅಂಚಿನ ಮೇಲೆ ನಿಲ್ಲಿಸುತ್ತಾರೆ. ಒಂಬತ್ತು ಇಂಚು ದಪ್ಪದ ಗೋಡೆಯಲ್ಲಿ ಹೊರಗಡೆ ಮೂರು ಇಂಚಿನ ಇಟ್ಟಿಗೆ, ಒಳಗಡೆ ಮೂರು ಇಂಚಿನ ಇಟ್ಟಿಗೆ, ನಡುವೆ ಮೂರು ಇಂಚಿನ ಖಾಲಿ ಜಾಗ. ಅಲ್ಲಲ್ಲಿ ಅಡ್ಡಲಾಗಿ ಇಟ್ಟ ಇಟ್ಟಿಗೆ ಎರಡೂ ಬದಿಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಮೇಲಿಂದ ನೋಡಿದರೆ ಆ ಖಾಲಿ ಜಾಗ ಇಲಿಬೋನಿನಂತೆ ಕಾಣುವುದರಿಂದ ಈ ಹೆಸರು. ಗೋಡೆಯ ದಪ್ಪ ಅಷ್ಟೇ ಇದ್ದರೂ ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತದೆ. ನಡುವಿನ ಗಾಳಿ ಹೊರಗಿನ ಸೆಕೆಯನ್ನು ಒಳಗೆ ಬೇಗ ಬಿಡುವುದಿಲ್ಲ. ಚಹಾದ ಫ್ಲಾಸ್ಕಿನ ಎರಡು ಪದರಗಳ ನಡುವೆ ಖಾಲಿ ಬಿಡುವುದೂ ಇಂಥದ್ದೇ ಕಾರಣಕ್ಕೆ.

ಪರಿಚಯದವರೊಬ್ಬರ ಮನೆಯ ಕೆಲಸದಲ್ಲಿ ಇದನ್ನು ಮೊದಲ ಬಾರಿ ಕಟ್ಟಬೇಕಾಗಿ ಬಂದ ಮೇಸ್ತ್ರಿಯೊಬ್ಬರು “ಇಟ್ಟಿಗೆ ಹೀಗೆ ನಿಲ್ಲಿಸಿದ್ರೆ ಗೋಡೆ ನಿಲ್ತದಾ?” ಎಂದು ನನ್ನೆದುರಿಗೇ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಒಂದು ಅಥವಾ ಎರಡು ಅಂತಸ್ತಿನ ಸಾಧಾರಣ ಮನೆಯಲ್ಲಿ ಗೋಡೆ ಹೊರಬೇಕಾದ ಭಾರ, ಒಳ್ಳೆಯ ಇಟ್ಟಿಗೆ ಹೊರಬಲ್ಲ ಭಾರಕ್ಕಿಂತ ಬಹಳ ಕಡಿಮೆ. ಬೇಕಿಲ್ಲದ ಕಡೆ ಬಲ ತುಂಬುವುದನ್ನು ಬೇಕರ್ ದುಂದು ಎಂದು ತಿಳಿದಿದ್ದರು. ಹಣವಿದ್ದವರ ಮನೆಯಾದರೂ ಅವರ ಅಭಿಪ್ರಾಯ ಬದಲಾಗುತ್ತಿರಲಿಲ್ಲ, ಏಕೆಂದರೆ ದುಂದಾಗುವ ಇಟ್ಟಿಗೆ ಮಾಲೀಕರ ಹಣದಿಂದ ಬಂದರೂ ಅದನ್ನು ಸುಡಲು ಬಳಸಿದ ಸೌದೆ ಎಲ್ಲರಿಗೂ ಸೇರಿದ್ದು.

ಮಂಗಳೂರು ಹಂಚು ಸ್ಲ್ಯಾಬಿನೊಳಗೆ ಹೋದದ್ದು ಹೇಗೆ

ಬೇಕರ್ ಅವರ ಕೆಲಸದಲ್ಲಿ ನಮ್ಮೂರಿನ ಹೆಸರು ಬರುವುದು ಇಲ್ಲಿ. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ನೇತ್ರಾವತಿ, ಗುರುಪುರ ನದಿಗಳ ತೀರದ ಜೇಡಿಮಣ್ಣಿನಿಂದ ಮಾಡಿದ, ಒಂದರೊಳಗೊಂದು ಕೂರುವ ಈ ಹಂಚು ಪಶ್ಚಿಮ ಕರಾವಳಿಯುದ್ದಕ್ಕೂ ಹಬ್ಬಿ, ಎಲ್ಲಿ ತಯಾರಾದರೂ ‘ಮಂಗಳೂರು ಹಂಚು’ ಎಂದೇ ಕರೆಸಿಕೊಂಡಿತು. ಜನ ತಾರಸಿಗೆ ಬದಲಾಗುತ್ತ ಹೋದಂತೆ ಹಳೆಯ ಮನೆಗಳಿಂದ ಇಳಿಸಿದ ಹಂಚಿಗೆ ಬೆಲೆಯಿಲ್ಲದಾಯಿತು. ಅದನ್ನು ಬೇಕರ್ ‘ಫಿಲ್ಲರ್ ಸ್ಲ್ಯಾಬ್’ ಎಂಬ ವಿಧಾನದಲ್ಲಿ ತಾರಸಿಯ ಒಳಗೇ ಸೇರಿಸಿದರು.

ಇದು ಏಕೆ ಸಾಧ್ಯ ಎಂದು ತಿಳಿಯಲು ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕವನ್ನು ನೆನಪಿಸಿಕೊಳ್ಳಬೇಕು. ನಡುವಿಗೆ ಬಂದು ನಿಂತರೆ ಸಂಕ ಕೆಳಗೆ ಬಾಗುತ್ತದೆ. ಆಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಸಂಕ ಮುರಿಯುವಾಗ ಮೊದಲು ಸೀಳುವುದು ಕೆಳಗಿನ ನಾರು. ಕಾಂಕ್ರೀಟಿನ ಸ್ಲ್ಯಾಬೂ ಹೀಗೆಯೇ ಬಾಗುತ್ತದೆ. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ತಡೆಯಲಾರದು. ಅದಕ್ಕೆಂದೇ ಕೆಳಭಾಗದಲ್ಲಿ ಕಬ್ಬಿಣದ ಸರಳು ಹಾಕುತ್ತಾರೆ. ಎಳೆತವನ್ನು ಸರಳು ಹೊತ್ತುಕೊಂಡ ಮೇಲೆ, ಸರಳುಗಳ ನಡುವೆ ಕೆಳಗೆ ಇರುವ ಕಾಂಕ್ರೀಟಿಗೆ ಹೆಚ್ಚಿನ ಕೆಲಸ ಉಳಿಯುವುದಿಲ್ಲ, ಅದು ತನ್ನ ಭಾರವನ್ನಷ್ಟೇ ಸ್ಲ್ಯಾಬಿನ ಮೇಲೆ ಹೊರಿಸಿರುತ್ತದೆ. ಆ ಜಾಗಕ್ಕೆ ಹಳೆಯ ಹಂಚು ಇಟ್ಟರೆ ಕಾಂಕ್ರೀಟು ಉಳಿಯುತ್ತದೆ, ಸ್ಲ್ಯಾಬ್ ಹಗುರವಾಗುವುದರಿಂದ ಸರಳೂ ಸ್ವಲ್ಪ ಕಡಿಮೆ ಸಾಕಾಗುತ್ತದೆ. ಒಂದರ ಮೇಲೊಂದು ಎರಡು ಹಂಚು ಕವಿಚಿಟ್ಟರೆ ನಡುವೆ ಗಾಳಿ ಸಿಕ್ಕಿಕೊಂಡು ಸೆಕೆಯೂ ತಗ್ಗುತ್ತದೆ.

ಸೆಂಟ್ರಿಂಗ್ ಹಲಗೆಯ ಮೇಲೆ ಸರಳುಗಳನ್ನು ಚೌಕ ಚೌಕವಾಗಿ ಕಟ್ಟಿ, ಪ್ರತಿ ಚೌಕದೊಳಗೆ ಹಂಚು ಕೂರಿಸಿ, ಮೇಲಿಂದ ಕಾಂಕ್ರೀಟು ಹಾಕುತ್ತಾರೆ. ಮೇಲೆ ಹೇಳಿದ ಪರಿಚಯದವರ ಮನೆಯಲ್ಲಿ ಮೊದಲ ಕೋಣೆಯ ಸ್ಲ್ಯಾಬ್ ಹಾಕುವಾಗ ಹಂಚುಗಳನ್ನು ನೀರಿನಲ್ಲಿ ನೆನೆಸದೆ ಒಣಗಿದ್ದಂತೆಯೇ ಇಟ್ಟುಬಿಟ್ಟರು. ಸುಟ್ಟ ಮಣ್ಣು ನೀರು ಕುಡಿಯುತ್ತದೆ. ಕಾಂಕ್ರೀಟು ಗಟ್ಟಿಯಾಗಲು ಬೇಕಾದ ನೀರನ್ನು ಹಂಚು ಎಳೆದುಕೊಂಡದ್ದರಿಂದ, ಹಲಗೆ ತೆಗೆದಾಗ ಹಂಚಿನ ಸುತ್ತ ಕಾಂಕ್ರೀಟು ಪುಡಿಪುಡಿಯಾಗಿ, ಸಣ್ಣ ತೂತುಗಳು ಬಿದ್ದು ಕಾಣಿಸಿತು. ಎಂಜಿನಿಯರರನ್ನು ಕರೆಸಿ ಸರಿಪಡಿಸಬೇಕಾಯಿತು. ಎರಡನೆಯ ಕೋಣೆಗೆ ಹಿಂದಿನ ರಾತ್ರಿಯೇ ತೊಟ್ಟಿಯಲ್ಲಿ ಹಂಚು ಮುಳುಗಿಸಿಟ್ಟರು, ಸ್ಲ್ಯಾಬ್ ಚೆನ್ನಾಗಿ ಬಂತು. ಇನ್ನೊಂದು ಎಚ್ಚರಿಕೆಯೂ ಅಗತ್ಯ. ಗೋಡೆಯಿಂದ ಹೊರಗೆ ಚಾಚಿದ ಬಾಲ್ಕನಿ, ಸನ್‌ಶೇಡಿನಲ್ಲಿ ಲೆಕ್ಕ ತಲೆಕೆಳಗು: ಅಲ್ಲಿ ಎಳೆತ ಬರುವುದು ಮೇಲ್ಭಾಗಕ್ಕೆ, ಒತ್ತಡ ಕೆಳಭಾಗಕ್ಕೆ. ಅಲ್ಲಿ ಕೆಳಗೆ ಹಂಚಿಟ್ಟರೆ ಕೆಲಸ ಮಾಡುವ ಕಾಂಕ್ರೀಟನ್ನೇ ತೆಗೆದಂತಾಗುತ್ತದೆ. ಬೇಕರ್ ಅವರ ಸರಳತೆಯ ಹಿಂದೆ ಇಷ್ಟು ಲೆಕ್ಕವಿದೆ. ಕಡಿಮೆ ಖರ್ಚು ಎಂದರೆ ಕಡಿಮೆ ಯೋಚನೆ ಎಂದು ತಿಳಿದವರು ಮೋಸ ಹೋಗುತ್ತಾರೆ.

ತಂಪಾನೂರಿನ ಕಾಫಿ ಹೌಸ್

ಮಂಗಳೂರಿನಿಂದ ಸಂಜೆ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಬೆಳಿಗ್ಗೆ ತಿರುವನಂತಪುರ. ನಿಲ್ದಾಣದಿಂದ ಹೊರಬಂದರೆ ಹತ್ತಿರದಲ್ಲೇ, ತಂಪಾನೂರಿನ ಬಸ್ ನಿಲ್ದಾಣದ ಪಕ್ಕದಲ್ಲಿ, ಕೆಂಪು ಬಣ್ಣದ, ಗೋಪುರದಂತೆ ಸುತ್ತಿ ಏರುವ ಕಟ್ಟಡವೊಂದಿದೆ. ಅದು ಬೇಕರ್ ವಿನ್ಯಾಸದ ಇಂಡಿಯನ್ ಕಾಫಿ ಹೌಸ್. ಒಳಗೆ ಅಂತಸ್ತುಗಳಿಲ್ಲ, ಮೆಟ್ಟಿಲುಗಳೂ ಇಲ್ಲ. ಒಂದೇ ನೆಲ ಸುತ್ತುತ್ತ ಮೇಲೇರುತ್ತದೆ. ಹೊರಗೋಡೆಗೆ ಒತ್ತಿ ಮೇಜು, ಆಸನಗಳನ್ನು ಕಟ್ಟಿಯೇ ಬಿಟ್ಟಿದ್ದಾರೆ. ನೆಲ ಓರೆಯಾಗಿದ್ದರೂ ಮೇಜು ಮಟ್ಟವಾಗಿದೆ, ಆದ್ದರಿಂದ ಲೋಟದ ಕಾಫಿ ಚೆಲ್ಲುವುದಿಲ್ಲ. ಗೋಡೆಯಲ್ಲಿ ಸಾಲು ಸಾಲಾಗಿ ಬಿಟ್ಟ ಕಂಡಿಗಳಿಂದ ಬೆಳಿಗ್ಗೆಯ ಬಿಸಿಲು ಸಣ್ಣ ಸಣ್ಣ ತುಂಡುಗಳಾಗಿ ಮೇಜಿನ ಮೇಲೆ ಬೀಳುತ್ತದೆ, ಗಾಳಿಯೂ ಅದರ ಜೊತೆಗೇ ಬರುತ್ತದೆ. ನಾನು ಅಲ್ಲಿ ಕುಳಿತಾಗ ರೈಲಿನಿಂದ ಇಳಿದ ಕೂಲಿಯಾಳುಗಳು, ವಕೀಲರು, ಮಕ್ಕಳನ್ನು ಕರೆತಂದ ಸಂಸಾರಗಳು ಒಂದೇ ಇಳಿಜಾರಿನ ಮೇಲೆ ಒಬ್ಬರ ಹಿಂದೆ ಒಬ್ಬರು ಕುಳಿತಿದ್ದರು. ಮೇಲಂತಸ್ತಿನವರು, ಕೆಳಗಿನವರು ಎಂಬ ವಿಂಗಡಣೆಗೆ ಆ ಕಟ್ಟಡದಲ್ಲಿ ಜಾಗವೇ ಇಲ್ಲ.

ದುಂಡು ಆಕಾರಕ್ಕೂ ಲೆಕ್ಕವಿದೆ. ನೂರು ಚದರ ಅಡಿಯ ಚೌಕ ಕೋಣೆಗೆ ನಲವತ್ತು ಅಡಿ ಉದ್ದದ ಗೋಡೆ ಬೇಕು. ಅಷ್ಟೇ ಜಾಗದ ದುಂಡು ಕೋಣೆಗೆ ಮೂವತ್ತೈದೂವರೆ ಅಡಿಯಷ್ಟು ಸಾಕು. ಜಾಲಿ ಎಂದು ಕರೆಯುವ ಆ ಕಂಡಿಗೋಡೆಯೂ ಹಾಗೆಯೇ. ಮರದ ಚೌಕಟ್ಟು, ಗಾಜು, ಸರಳು ಸೇರಿದ ಕಿಟಕಿಗೆ ಅಷ್ಟೇ ಅಳತೆಯ ಗೋಡೆಗಿಂತ ಎಷ್ಟೋ ಪಾಲು ಹೆಚ್ಚು ಖರ್ಚಾಗುತ್ತದೆ. ಇಟ್ಟಿಗೆಗಳ ನಡುವೆ ಜಾಗ ಬಿಟ್ಟರೆ ಗೋಡೆಯೇ ಕಿಟಕಿಯಾಗುತ್ತದೆ.

ಅದೇ ಊರಿನ ಉಳ್ಳೂರಿನಲ್ಲಿ, ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್ ಅವರು ಕಟ್ಟಿ ಬೆಳೆಸಿದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಸಂಸ್ಥೆಯ ಆವರಣ ಬೇಕರ್ ಅವರ ದೊಡ್ಡ ಕೆಲಸಗಳಲ್ಲಿ ಒಂದು. ಗುಡ್ಡದ ಇಳಿಜಾರನ್ನು ಮಟ್ಟ ಮಾಡದೆ, ಇದ್ದ ಮರಗಳನ್ನು ಉಳಿಸಿಕೊಂಡು, ಗೋಡೆಗಳನ್ನು ಅವುಗಳ ಸುತ್ತ ಬಾಗಿಸಿ ಕಟ್ಟಿದ್ದಾರೆ.

ಸಾರಣೆ ಏಕಿಲ್ಲ?

ಬೇಕರ್ ಮನೆಗಳನ್ನು ನೋಡಿದವರು ಮೊದಲು ಕೇಳುವ ಪ್ರಶ್ನೆ ಇದು. ಸಾರಣೆ ಮಾಡಿದರೆ ಬಣ್ಣ ಬಳಿಯಬೇಕು, ಬಣ್ಣ ಬಳಿದರೆ ಕೆಲವು ವರ್ಷಕ್ಕೊಮ್ಮೆ ಮತ್ತೆ ಬಳಿಯುತ್ತಲೇ ಇರಬೇಕು. ಖರ್ಚಿನ ಕಾರಣ ಅಲ್ಲಿಗೆ ಮುಗಿಯುತ್ತದೆ. ಇನ್ನೊಂದು ಕಾರಣ ಅವರ ಕ್ವೇಕರ್ ಮನಸ್ಸಿನದು. ಇಟ್ಟಿಗೆಯ ಗೋಡೆ ಇಟ್ಟಿಗೆಯ ಗೋಡೆಯಂತೆಯೇ ಕಾಣಬೇಕು, ಇನ್ನೊಂದರಂತೆ ತೋರಿಸಿಕೊಳ್ಳುವುದು ಒಂದು ಬಗೆಯ ಸುಳ್ಳು ಎಂಬ ನಿಲುವು ಅದು. ಇದರಿಂದ ಮೇಸ್ತ್ರಿಗೂ ಒಂದು ಬದಲಾವಣೆ ಬರುತ್ತದೆ. ಸಾರಣೆಯಡಿ ಮುಚ್ಚಿಹೋಗುವ ಗೋಡೆಯನ್ನು ಹೇಗೆ ಕಟ್ಟಿದರೂ ನಡೆಯುತ್ತದೆ. ಕಣ್ಣಿಗೆ ಕಾಣುವ ಗೋಡೆಯಲ್ಲಿ ಪ್ರತಿ ಸಾಲೂ ನೇರವಿರಬೇಕು, ಪ್ರತಿ ಸಂದೂ ಒಂದೇ ಅಳತೆಯದಾಗಿರಬೇಕು. ಕಟ್ಟಿದವರ ಕೈಚಳಕ ಮನೆ ಇರುವವರೆಗೂ ಎಲ್ಲರಿಗೂ ಕಾಣುತ್ತಿರುತ್ತದೆ. ಬೇಕರ್ ಸಿಕ್ಕಿದ ಕಾಗದದ ತುಂಡಿನ ಮೇಲೆ ಚಿತ್ರ ಬರೆದು, ಕೆಲಸದ ಜಾಗದಲ್ಲೇ ನಿಂತು, ಮೇಸ್ತ್ರಿಗಳ ಜೊತೆ ಮಾತಾಡಿ ತೀರ್ಮಾನಿಸುತ್ತಿದ್ದರು. ಅವರ ವಿಧಾನಗಳನ್ನು ಹರಡಲು 1985ರಲ್ಲಿ ಆರಂಭವಾದ ಕಾಸ್ಟ್‌ಫೋರ್ಡ್ ಸಂಸ್ಥೆ ಕೇರಳದಲ್ಲಿ ಈಗಲೂ ಕೆಲಸ ಮಾಡುತ್ತಿದೆ.

ಇದನ್ನು ಉಡುಪಿಗೆ ತಂದರೆ

ತಿರುವನಂತಪುರದಲ್ಲಿ ವರ್ಷಕ್ಕೆ ಬೀಳುವ ಮಳೆಯ ಹೆಚ್ಚು ಕಡಿಮೆ ಎರಡರಷ್ಟು ಮಳೆ ನಮ್ಮಲ್ಲಿ ಬೀಳುತ್ತದೆ. ಮಂಗಳೂರಿನಲ್ಲಿ ಅದು ಮೂರೂವರೆ ಸಾವಿರ ಮಿಲಿಮೀಟರು ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ, ಕಡಲ ಕಡೆಯಿಂದ ಗಾಳಿಯೊಂದಿಗೆ ಓರೆಯಾಗಿ ಹೊಡೆಯುತ್ತದೆ. ತಂಪಾನೂರಿನ ಜಾಲಿಯನ್ನು ಮಲ್ಪೆಯ ಮನೆಯ ಪಡುಗೋಡೆಗೆ ಹಾಗೆಯೇ ತಂದು ಹಾಕಿದರೆ ಆಷಾಢದಲ್ಲಿ ಕೋಣೆಯೊಳಗೆ ನೀರು ನಿಲ್ಲುತ್ತದೆ. ಜಾಲಿ ಬೇಕೆಂದರೆ ಅದು ಮೂಡು ಬದಿಯಲ್ಲಿರಬೇಕು, ಇಲ್ಲವೇ ಅಗಲವಾಗಿ ಇಳಿದ ಮಾಡಿನ ಕೆಳಗೆ, ಜಗಲಿಯ ಹಿಂದೆ ಇರಬೇಕು.

ಸಾಮಗ್ರಿಯ ಪ್ರಶ್ನೆ ಇನ್ನೂ ಮುಖ್ಯವಾದದ್ದು. ನಮ್ಮ ಐದು ಮೈಲಿಯೊಳಗೆ ಸಿಗುವುದು ಕೆಂಪುಕಲ್ಲು, ಅಂದರೆ ತುಳುವರ ಮುರಕಲ್ಲು. ಭೂಮಿಯೊಳಗೆ ಮೆತ್ತಗಿದ್ದು ಕೊಡಲಿಯಂಥ ಹತಾರದಲ್ಲೇ ಕಡಿಯಲು ಬರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗಿರುವ ಶಬ್ದದಿಂದ ಬಂದ ಹೆಸರು ಅದು. ಸುಡದೆಯೇ ಸಿಗುವ ಇಟ್ಟಿಗೆ ನಮ್ಮ ಕಾಲಡಿಯಲ್ಲೇ ಇರುವಾಗ, ಬೇಕರ್ ಮನೆ ಬೇಕೆಂದು ಘಟ್ಟದ ಮೇಲಿಂದ ಲಾರಿಯಲ್ಲಿ ಸುಟ್ಟ ಇಟ್ಟಿಗೆ ತರಿಸಿದರೆ ಮನೆ ನೋಡಲು ಬೇಕರ್ ಮನೆಯಂತೆ ಕಾಣಬಹುದು, ಆದರೆ ಅವರು ಯಾವುದನ್ನು ತಪ್ಪೆಂದು ತಿಳಿದಿದ್ದರೋ ಅದನ್ನೇ ಮಾಡಿದಂತಾಗುತ್ತದೆ. ಕೆಂಪುಕಲ್ಲು ಈಗ ಸುಲಭವಾಗಿ ಸಿಗದು ಎಂಬುದು ನಿಜ. ಗುಡ್ಡಗಳನ್ನು ಬಗೆದು ಕಲ್ಲು ತೆಗೆದು ಕೋರೆಗಳನ್ನು ಹಾಗೆಯೇ ಬಿಟ್ಟ ಊರುಗಳ ಸಂಕಟವೂ ನಿಜ. ಹಾಗಾಗಿ ಹತ್ತಿರದ ಸಾಮಗ್ರಿ ಎಂಬ ಪಟ್ಟಿಯಲ್ಲಿ, ಬೀಳುತ್ತಿರುವ ಹಳೆಯ ಮನೆಗಳ ಕಲ್ಲು, ಬಾಗಿಲು, ಮಾಡಿನ ಮರದ ಪಕ್ಕಾಸು, ರೀಪು, ಹಂಚುಗಳನ್ನೂ ಸೇರಿಸಬೇಕು ಎಂದು ನನಗೆ ತೋರುತ್ತದೆ. ಬೇಕರ್ ತಾವೂ ಕೆಡವಿದ ಮನೆಗಳ ಬಾಗಿಲು ಕಿಟಕಿಗಳನ್ನು ಹುಡುಕಿ ತಂದು ಬಳಸುತ್ತಿದ್ದರು.

ಪರಿಚಯದವರ ಮನೆಗೆ ಬಳಸಿದ್ದು ಅವರ ಅಜ್ಜನ ಕಾಲದ ಮನೆಯಿಂದ ಇಳಿಸಿದ ಹಂಚು. ಹಿತ್ತಿಲಲ್ಲಿ ಅಡ್ಡಡ್ಡ ಜೋಡಿಸಿಟ್ಟಿದ್ದ ರಾಶಿಯಲ್ಲಿ ಮೇಲಿನ ಸಾಲು ಪಾಚಿ ಹಿಡಿದು ಕಪ್ಪಾಗಿತ್ತು, ಒಳಗಿನ ಹಂಚುಗಳಿಗೆ ಅಡುಗೆಮನೆಯ ಹೊಗೆಯ ಬಣ್ಣ ಅಂಟಿಕೊಂಡೇ ಇತ್ತು. ಎರಡನೆಯ ಕೋಣೆಯ ಸೆಂಟ್ರಿಂಗ್ ಬಿಚ್ಚಿದ ದಿನ ನಾನೂ ಹೋಗಿದ್ದೆ. ಕೊನೆಯ ಹಲಗೆ ಇಳಿಸಿದ ಮೇಲೆ, ಗೋಡೆ ನಿಲ್ಲುತ್ತದೆಯೇ ಎಂದು ಹಿಂದೊಮ್ಮೆ ಕೇಳಿದ್ದ ಅದೇ ಮೇಸ್ತ್ರಿ ಒದ್ದೆ ಬಟ್ಟೆಯಿಂದ ಒಂದು ಹಂಚಿಗೆ ಅಂಟಿದ್ದ ಸಿಮೆಂಟಿನ ಹಾಲು ಒರೆಸಿದರು. ತಲೆಯ ಮೇಲೆ, ಬೂದು ಬಣ್ಣದ ಕಾಂಕ್ರೀಟಿನ ನಡುವೆ, ಕೆಂಪು ಹಂಚಿನ ಬೆನ್ನಲ್ಲಿ ಕಾರ್ಖಾನೆಯವರು ಒತ್ತಿದ್ದ ‘ಮಂಗಳೂರು’ ಎಂಬ ಹೆಸರು ಅಚ್ಚಳಿಯದೆ ಕಾಣಿಸಿತು. ಅವರು ಪಕ್ಕದ ಹಂಚನ್ನೂ ಒರೆಸಿದರು, ಆಮೇಲೆ ಅದರ ಪಕ್ಕದ್ದನ್ನು.